ಸೊಂಟ ನೋವು: ಆಪರೇಷನ್ ಆಗಲೇಬೇಕೇ?

ಪ್ರಶ್ನೆ: ನಮಸ್ಕಾರ ಮೇಡಂ. ವಯಸ್ಸು 38. ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿ. ತಿಂಗಳ ಹಿಂದೆ ಮೆಕ್ಕೆಜೋಳದ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಈಗ ನೋವು ಎಡಗಾಲಿನ ಮೀನಖಂಡದವರೆಗೂ ಸೆಳೆಯುತ್ತದೆ. ಎಂಆರ್‌ಐ ವರದಿಯಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿ ನರ ಒತ್ತಿದೆ ಎಂದಿದೆ. ಕಡಿಮೆಯಾಗದಿದ್ದರೆ ಆಪರೇಷನ್ ಎಂದಿದ್ದಾರೆ. ದುಡಿಮೆ ನಿಂತಿದೆ. ಬೇರೆ ದಾರಿ ಇಲ್ಲವೇ?

ಫಿಸಿಯೋಥೆರಪಿಸ್ಟ್: ಮೊದಲು ಇಷ್ಟು ಹೇಳಿ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಲು ಬರುತ್ತದೆಯೇ? ನಡೆಯುವಾಗ ಎಡಗಾಲಿನ ಚಪ್ಪಲಿ ಗೊತ್ತಾಗದೆ ಜಾರಿಹೋಗುತ್ತದೆಯೇ? ಮೂತ್ರ ಕಟ್ಟುವುದು, ಮಲಮೂತ್ರ ಅರಿವಿಲ್ಲದೆ ಹೋಗುವುದು, ತೊಡೆಸಂದಿಯಲ್ಲಿ ಮರಗಟ್ಟಿದಂತಾಗುವುದು ಇದೆಯೇ?

ಪ್ರಶ್ನೆ ಕೇಳಿದವರು: ಈಗ ತಾನೇ ನಡೆದು ನೋಡಿದೆ. ನೋವಿದೆ, ಆದರೆ ಬರುತ್ತದೆ. ಚಪ್ಪಲಿ ಜಾರುವುದಿಲ್ಲ. ಮಿಕ್ಕಿದ್ದು ಯಾವುದೂ ಇಲ್ಲ.

ಫಿಸಿಯೋಥೆರಪಿಸ್ಟ್: ಹಾಗಾದರೆ ನಿಮಗೆ ಕಾಯಲು ಸಮಯವಿದೆ. ಅವುಗಳಲ್ಲಿ ಒಂದು ಕಾಣಿಸಿಕೊಂಡರೂ ಕಾಯಬಾರದು; ಮೂತ್ರದ ತೊಂದರೆಯಾದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು.

ಜಾರಿದ ಡಿಸ್ಕಿನ ತುಣುಕನ್ನು ದೇಹವೇ ಎಷ್ಟೋ ಸಲ ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಕಾಲಿನ ಸೆಳೆತ ಇಳಿಯುತ್ತದೆ. 2007ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ ಇಂಥ 283 ರೋಗಿಗಳಲ್ಲಿ ಕೆಲವರಿಗೆ ಬೇಗ ಆಪರೇಷನ್ ಮಾಡಿದರು, ಉಳಿದವರನ್ನು ಕಾಯಿಸಿದರು. ಆಪರೇಷನ್ ಆದವರ ನೋವು ಬೇಗ ಇಳಿಯಿತು, ನಿಜ. ಆದರೆ ವರ್ಷ ಕಳೆಯುವಷ್ಟರಲ್ಲಿ ಎರಡೂ ಕಡೆ ಶೇ 95ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಮುಂದೆ ಆಪರೇಷನ್ ಮಾಡಿಸಿಕೊಂಡರು ಎಂಬುದನ್ನೂ ಮುಚ್ಚಿಡುವುದಿಲ್ಲ. ನಿಮ್ಮ ವೈದ್ಯರು ‘ಕಡಿಮೆಯಾಗದಿದ್ದರೆ’ ಎಂದದ್ದು ಸರಿಯಾಗಿಯೇ ಇದೆ.

ಮನೆಯಲ್ಲಿ ಹೀಗೆ ಮಾಡಿ. ಚಾಪೆಯ ಮೇಲೆ ಬೋರಲು ಮಲಗಿ, ಎರಡು ನಿಮಿಷ ಸುಮ್ಮನಿರಿ. ಆಮೇಲೆ ಮೊಣಕೈ ಊರಿ ಎದೆಯನ್ನಷ್ಟೇ ಮೇಲೆತ್ತಿ. ಹೊಟ್ಟೆ, ಸೊಂಟ ಚಾಪೆಗೆ ಅಂಟಿಕೊಂಡಿರಲಿ. ಗಮನವೆಲ್ಲ ಕಾಲಿನ ಮೇಲಿರಲಿ. ಮೀನಖಂಡದ ನೋವು ತೊಡೆಗೆ, ತೊಡೆಯಿಂದ ಸೊಂಟಕ್ಕೆ ಏರಿದರೆ ಒಳ್ಳೆಯ ಲಕ್ಷಣ. ಸೊಂಟದಲ್ಲಿ ತುಸು ಹೆಚ್ಚಾದರೂ ಹೆದರಬೇಡಿ. ನೋವು ಪಾದದ ಕಡೆ ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಯಾರಾದರೂ ಫಿಸಿಯೋಥೆರಪಿಸ್ಟ್‌ಗೆ ಎದುರಿಗೇ ತೋರಿಸಿ.

ದಿನವಿಡೀ ಮಲಗಬೇಡಿ. ಬೆಳಿಗ್ಗೆ ಸಂಜೆ ಕುಂದುವಾಡ ಕೆರೆ ಏರಿಯ ಮೇಲೆ ಆದಷ್ಟು ದೂರ ನಡೆಯಿರಿ. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಪ್ರಶ್ನೆ ಕೇಳಿದವರು: ಬೆಲ್ಟ್ ಕಟ್ಟಿಕೊಂಡು ಮೂಟೆ ಹೊರಬಹುದೇ? ಟ್ರ್ಯಾಕ್ಷನ್ (ಯಂತ್ರದಿಂದ ಸೊಂಟ ಎಳೆಸುವುದು) ಹಾಕಿಸು ಎಂದು ಜೊತೆಯವರು ಹೇಳುತ್ತಾರೆ.

ಫಿಸಿಯೋಥೆರಪಿಸ್ಟ್: ಬೆಲ್ಟ್ ನಂಬಿ ಮೂಟೆ ಹೊರಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರತಂದ ಮಾರ್ಗಸೂಚಿ ಬೆಲ್ಟನ್ನೂ ಟ್ರ್ಯಾಕ್ಷನ್ನನ್ನೂ ಬೇಡವೆಂದಿದೆ. ಅದು ಮೂರು ತಿಂಗಳು ದಾಟಿದ ಸೊಂಟ ನೋವಿನ ಮಾತು. ಆದರೂ ನಿಮ್ಮಂಥವರಿಗೆ ಅವುಗಳಿಂದ ದೊಡ್ಡ ಲಾಭವಾದದ್ದನ್ನು ನಾನಂತೂ ಕಂಡಿಲ್ಲ. ಟ್ರ್ಯಾಕ್ಷನ್ ಯಂತ್ರ ಇಟ್ಟುಕೊಂಡವರಿಗೆ ಇದು ರುಚಿಸುವುದಿಲ್ಲ. ನನ್ನ ಕೋಣೆಯಲ್ಲೂ ಒಂದಿದೆ, ಮೂಲೆಯಲ್ಲಿ ಕುಳಿತಿದೆ.

ಸೆಳೆತ ಇಳಿದ ಮೇಲೆ ತೂಕ, ಚೀಲ ಎಣಿಸುವಂಥ ಕೆಲಸ ಕೊಡಿ ಎಂದು ಮೇಸ್ತ್ರಿಯನ್ನು ಕೇಳಿ. ಆಮೇಲೆ ಅರ್ಧ ಚೀಲ, ಆಮೇಲೆ ಪೂರ್ತಿ. ಸೊಂಟ ಇನ್ನು ಜನ್ಮದಲ್ಲಿ ಭಾರ ತಾಳುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನೊಬ್ಬರು, ಜಗಳೂರು: ಮೇಡಂ, ಅಮ್ಮನಿಗೆ 67. ಬಚ್ಚಲಲ್ಲಿ ಜಾರಿ ಕುಕ್ಕರಿಸಿ ಬಿದ್ದ ದಿನದಿಂದ ನಡುಬೆನ್ನು ನೋವು. ಅವರೂ ಬೋರಲು ಮಲಗಬಹುದೇ? ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಹೋಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ.

ಫಿಸಿಯೋಥೆರಪಿಸ್ಟ್: ಖಂಡಿತ ಬೇಡ. ಈ ವಯಸ್ಸಿನಲ್ಲಿ ಮೂಳೆ ಸವೆದು ಟೊಳ್ಳಾಗಿದ್ದರೆ, ಹಾಗೆ ಬಿದ್ದಾಗ ಬೆನ್ನುಮೂಳೆ ಕುಸಿದು ಬಿರುಕು ಬಿಟ್ಟಿರಬಹುದು. ಒದೆಸುವುದು, ತುಳಿಸುವುದು, ಎಣ್ಣೆ ಹಚ್ಚಿ ಒತ್ತಿ ತಿಕ್ಕುವುದು ಯಾವುದೂ ಕೂಡದು. ಮೇಲೆ ಬರೆದ ವ್ಯಾಯಾಮ ಆ ಅಣ್ಣನಿಗೆ ಹೇಳಿದ್ದು, ಅಮ್ಮನಿಗಲ್ಲ. ನಾಳೆಯೇ ವೈದ್ಯರಿಗೆ ತೋರಿಸಿ ಎಕ್ಸ್-ರೇ ತೆಗೆಸಿ.