ಮದುವೆಯೂ ದೈವಕರೆಯಾ? ಫಾದರ್ ಅವರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಫಾದರ್. ಮದುವೆಗೆ ಮುಂಚೆ ದಿನಾ ಚರ್ಚಿಗೆ ಬಲಿಪೂಜೆಗೆ (ಮಾಸ್) ಹೋಗುತ್ತಿದ್ದೆ, ಸಿಸ್ಟರ್ ಆಗಬೇಕು ಅನ್ನೋ ಆಸೆಯೂ ಇತ್ತು. ಈಗ ಎರಡು ಸಣ್ಣ ಮಕ್ಕಳು, ಆಫೀಸು, ಮನೆಕೆಲಸ. ರಾತ್ರಿ ಜಪಸರ ಹಿಡಿದರೆ ಎರಡನೇ ರಹಸ್ಯಕ್ಕೇ, ಅಂದರೆ ಅದರ ಎರಡನೇ ಭಾಗಕ್ಕೇ, ನಿದ್ದೆ. ನಮ್ಮವರು ಭಾನುವಾರ ಪೂಜೆಗೆ ಬರುತ್ತಾರೆ, ಅಷ್ಟೇ. ಮನೆಯಲ್ಲಿ ಪ್ರಾರ್ಥನೆ ಅಂದರೆ ಎದ್ದು ಹೋಗುತ್ತಾರೆ. ಮದುವೆಯೂ ದೈವಕರೆ ಅಂತ ನೀವೆಲ್ಲ ಹೇಳುತ್ತೀರಿ, ನನಗಂತೂ ದೇವರಿಂದ ದೂರ ಬಂದ ಹಾಗೆ ಅನಿಸುತ್ತದೆ.

ಉತ್ತರ: ದೂರ ಬಂದಿಲ್ಲಮ್ಮ. ಕಾನ್ವೆಂಟಿನ ದಿನಚರಿಯನ್ನು ಮನೆಗೆ ತಂದು, ಅದು ನಡೆಯಲಿಲ್ಲ ಅಂತ ಕೊರಗುತ್ತಾ ಇದ್ದೀರಿ. ಮದುವೆಯಾಗದ ನಾನು ಇದನ್ನು ಹೇಳುತ್ತಿದ್ದೇನೆ ಅಂತ ನಗಬೇಡಿ.

ಸಂತ ಲೂಯಿ ಮತ್ತು ಸಂತ ಜೆಲಿ ಮಾರ್ಟಿನ್ ಗೊತ್ತಲ್ವಾ, ಲಿಸ್ಯೂವಿನ ಸಂತ ತೆರೇಸಮ್ಮನವರ ಅಪ್ಪ ಅಮ್ಮ. ಇಬ್ಬರೂ ಮೊದಲು ಮಠ ಸೇರಲು ಹೋಗಿ ವಾಪಸ್ ಬಂದವರೇ. 1858ರಲ್ಲಿ ಮದುವೆಯಾದ ಮೇಲೂ ಅಣ್ಣ ತಂಗಿಯರ ಹಾಗೆ ಇದ್ದುಬಿಟ್ಟರು, ಅದೇ ಹೆಚ್ಚು ಪವಿತ್ರ ಅಂದುಕೊಂಡು. ಸುಮಾರು ಹತ್ತು ತಿಂಗಳ ನಂತರ ಪಾಪನಿವೇದನೆ ಕೇಳುವ ಗುರುಗಳು ಬುದ್ಧಿ ಹೇಳಬೇಕಾಯಿತು. ಆಮೇಲೆ ಒಂಬತ್ತು ಮಕ್ಕಳು, ಅದರಲ್ಲಿ ನಾಲ್ಕು ಚಿಕ್ಕ ವಯಸ್ಸಿಗೇ ತೀರಿಕೊಂಡವು. ಲೂಯಿ ಗಡಿಯಾರದ ಕೆಲಸ ಮಾಡುತ್ತಿದ್ದರು, ಜೆಲಿ ಲೇಸ್ ವ್ಯಾಪಾರ ನಡೆಸುತ್ತಿದ್ದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಇಬ್ಬರನ್ನೂ ಒಟ್ಟಿಗೇ ಸಂತರೆಂದು ಘೋಷಿಸಿದರು. ದಿನಾ ಬೆಳಗ್ಗೆ ಪೂಜೆಗೂ ಹೋಗುತ್ತಿದ್ದರು, ಅದನ್ನು ಮುಚ್ಚಿಡಲ್ಲ. ಆದರೆ ಅದನ್ನು ನೋಡಿ ನೀವು ನಾಳೆಯಿಂದ ಮಗುವನ್ನು ಅಳಿಸಿ ಹೊರಡಬೇಕಾಗಿಲ್ಲ.

ಇನ್ನೊಂದು ವಿಷಯ. ನಮ್ಮ ಕಥೋಲಿಕ ಧರ್ಮಸಭೆಯ (ಚರ್ಚಿನ) ಲ್ಯಾಟಿನ್ ಪದ್ಧತಿಯಲ್ಲಿ ವಿವಾಹ ಸಂಸ್ಕಾರ ಕೊಡೋದು ಗುರುಗಳಲ್ಲ, ವಧು ವರರೇ ಒಬ್ಬರಿಗೊಬ್ಬರು ಕೊಡೋದು. ನಾವು ಧರ್ಮಸಭೆಯ ಪರವಾಗಿ ಸಾಕ್ಷಿ ನಿಲ್ಲುತ್ತೇವೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಗುರುದೀಕ್ಷೆಯನ್ನೂ (ಫಾದರ್ ಆಗುವ ಸಂಸ್ಕಾರ) ಮದುವೆಯನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟಿದ್ದಾರೆ, ಎರಡೂ ಇನ್ನೊಬ್ಬರ ರಕ್ಷಣೆಗಾಗಿ ಇರುವ ಸಂಸ್ಕಾರ ಅಂತ. ಹಾಗಾಗಿ ನಿಮ್ಮ ಯಜಮಾನರು ನಿಮ್ಮ ಭಕ್ತಿಗೆ ಅಡ್ಡಿ ಅಲ್ಲ, ಅವರೇ ನಿಮ್ಮ ದೈವಕರೆ. ನೀವು ಅವರ ದೈವಕರೆ.

ಅವರನ್ನು ಜಪಸರಕ್ಕೆ ಎಳೆಯಬೇಡಿ. ಫ್ರಾನ್ಸಿನ ಹೆನ್ರಿ ಕಫಾರೆಲ್ ಅನ್ನೋ ಗುರುಗಳು ದಂಪತಿಗಳಿಗೆ ಒಂದು ಅಭ್ಯಾಸ ಹೇಳಿಕೊಟ್ಟರು: ತಿಂಗಳಿಗೊಮ್ಮೆ ಇಬ್ಬರೇ ಕೂರುವುದು, ಸ್ವಲ್ಪ ಹೊತ್ತು ಸುಮ್ನೆ ದೇವರ ಮುಂದೆ ಇರುವುದು, ಆಮೇಲೆ ದಿನದ ಗಡಿಬಿಡಿಯಲ್ಲಿ ಹೇಳಲಾಗದೆ ಉಳಿದದ್ದನ್ನು ಮಾತಾಡುವುದು. ಅಲ್ಲಿ ಉಪದೇಶ ಮಾಡಬೇಡಿ, ಮಕ್ಕಳ ಫೀಸಿನ ಲೆಕ್ಕವೂ ಬೇಡ. ಪ್ರಾರ್ಥನೆ ಅಂದರೆ ಎದ್ದು ಹೋಗುವವರು ಎಷ್ಟೋ ಜನ ಇದಕ್ಕೆ ಕೂರುತ್ತಾರೆ.

ಪ್ರಶ್ನೆ: ಮುಜುಗರದ ಪ್ರಶ್ನೆ ಫಾದರ್. ಗಂಡ ಹೆಂಡತಿಯ ದೇಹ ಸಂಬಂಧವೂ ಈ ಕರೆಗೆ ಸೇರುತ್ತಾ, ಅಥವಾ ದೇವರು ಸುಮ್ನೆ ಸಹಿಸಿಕೊಳ್ಳೋದಾ?

ಉತ್ತರ: ಖಂಡಿತ ಸೇರುತ್ತದೆ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದ ಇಬ್ಬರ ಮದುವೆ ಆಗಿಯೂ ದೇಹ ಸೇರದೇ ಇದ್ದರೆ, ಸರಿಯಾದ ಕಾರಣವಿದ್ದಾಗ ಪೋಪ್ ಅದನ್ನು ರದ್ದು ಮಾಡಬಹುದು. ಸೇರಿದ ಮೇಲೆ ಅವರಿಂದಲೂ ಆಗಲ್ಲ. ಧರ್ಮಸಭೆ ಅದಕ್ಕೆ ಎಷ್ಟು ತೂಕ ಕೊಟ್ಟಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಅಕ್ಕನಿಗೆ ಭಾವ ಹೊಡೆಯುತ್ತಾರೆ. ಹಿರಿಯರೆಲ್ಲ "ನಿನ್ನ ಶಿಲುಬೆ, ಹೊತ್ತುಕೋ" ಅಂತಾರೆ. ದೈವಕರೆ ಅಂದರೆ ಇದೇನಾ?

ಉತ್ತರ: ಅಲ್ಲ. ಹಿರಿಯರಿಗೆ 1983ರ ಧರ್ಮಸಭೆಯ ಕಾನೂನು ತೋರಿಸಿ, ವಿಧಿ 1153. ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ, ಮಕ್ಕಳಿಗೆ ಅಪಾಯವಿದ್ದರೂ ಸೇರಿ, ಬೇರೆ ಇರಲು ಅದು ನ್ಯಾಯವಾದ ಕಾರಣ. ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಕೇಳಬೇಕು, ಆದರೆ ತಡ ಮಾಡಿದರೆ ಅಪಾಯ ಅನ್ನೋ ಹಾಗಿದ್ದರೆ ತಾವೇ ತೀರ್ಮಾನಿಸಿ ಹೊರಡಬಹುದು. ವಿವಾಹ ಬಂಧ ಉಳಿಯುತ್ತದೆ, ಒಂದೇ ಸೂರಿನಡಿ ಇರಬೇಕು ಅನ್ನೋ ಕಟ್ಟು ಇರಲ್ಲ. ಹಾಗೆ ಬೇರೆ ಇರುವ ಕಾರಣಕ್ಕೇ ಪರಮಪ್ರಸಾದ (ಕಮ್ಯುನಿಯನ್) ತಪ್ಪುವುದಿಲ್ಲ. ಪೊಲೀಸರಿಗೆ ದೂರು ಕೊಡುವುದು ಪಾಪ ಅಲ್ಲ. ಹೊಡೆಯುವುದೇ ಪಾಪ, ಅದನ್ನು ಯಾರೂ ಭಾವನಿಗೆ ಹೇಳುತ್ತಿಲ್ಲ ಅನಿಸುತ್ತದೆ. ಮೊದಲು ಅಕ್ಕನನ್ನೂ ಮಕ್ಕಳನ್ನೂ ನಿಮ್ಮ ಮನೆಗೆ ಕರೆದುಕೊಂಡು ಬನ್ನಿ. ಆಮೇಲೆ ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಹೋಗಿ, ಅವರೂ ಶಿಲುಬೆಯ ಮಾತೇ ಆಡಿದರೆ ನನಗೆ ಬರೆಯಿರಿ.