ಮಳಿಗಾಲದಾಗ ಸ್ಯಾನ್ ಸ್ಟಾರ್ಮ್ ತಗೊಂಡು ಅನಮೋಡ ಘಾಟ್ ಹತ್ತಬಹುದೇನ್ರಿ?

ವಾಸ್ಕೋದಾಗಿನ ಧಾರವಾಡದವ

ನಮಸ್ಕಾರ್ರಿ ಎಲ್ಲಾರಿಗೂ. ನಾ ಧಾರವಾಡದವ, ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಾಗ ಕೆಲಸ, ಮನಿ ವಾಸ್ಕೋದಾಗ. ದೀಪಾವಳಿಗೆ ಒಂದು ಸ್ಯಾನ್ ಸ್ಟಾರ್ಮ್ ತಗೊಂಡೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಬೆಂಗಳೂರಿನ ಸ್ಯಾನ್ ಮೋಟರ್ಸ್‌ನವರು 1990ರ ದಶಕದ ಕೊನಿಗೆ ಗೋವಾದಾಗ ತಯಾರು ಮಾಡಿದ ಗಾಡಿ. ಎರಡ ಸೀಟು, ಬಟ್ಟಿ ಟಾಪು, ಫೈಬರ್ ಬಾಡಿ, ರೆನೋದ 1149 ಸಿಸಿ ಎಂಜಿನ್. ಸಣ್ಣವನಿದ್ದಾಗ ಪತ್ರಿಕ್ಯಾಗ ಇದರ ಫೋಟೋ ಕತ್ತರಿಸಿ ಇಟ್ಕೊಂಡಿದ್ದೆ.

ಒಣ ರಸ್ತಾದಾಗ ಭಾಳ ಛಂದ ಓಡ್ತದ. ಈಗ ಜೂನ್ ಬಂತು. ವಾರಕ್ಕೊಮ್ಮೆ ಫೋಂಡಾ, ಮೊಲ್ಲೆಂ, ಅನಮೋಡ, ರಾಮನಗರ, ಅಳ್ನಾವರ ಹಿಂಗ ಊರಿಗೆ ಹೋಗೂದು. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗದಂಗ ತಡಿಯೂ ವ್ಯವಸ್ಥಾ) ಇಲ್ಲ. ಆಫೀಸಿನಾಗ ಎಲ್ಲಾರೂ "ಹಗುರ ಗಾಡಿ, ಜಾರ್ತದ, ಡಿಕ್ಕಿಯೊಳಗ ಉಸುಕಿನ ಚೀಲ ಇಡು" ಅಂತಾರ. ಹಳೇ ಮಾಲಕರ ಶೆಡ್ಡಿನಾಗ ಭಾಳ ವರ್ಷ ನಿಂತಿತ್ತು, ಅದಕ್ಕ ಟೈರ್ ಹೊಸಾವ ಇದ್ದಂಗ ಅದಾವ, ಗ್ರಿಪ್ ಪೂರ್ತಿ ಐತಿ. ತಿಳಿದವರು ಹೇಳ್ರಿ.

ಕೋಥ್ರೂಡ್ ಕನ್ನಡಿಗ

ಸರ್, ಚೀಲದ ವಿಷಯ ನನಗೆ ಗೊತ್ತಿಲ್ಲ, ಗಾಜಿನ ವಿಷಯ ಹೇಳ್ತೀನಿ. ಪುಣೆಯಿಂದ ತಾಮ್ಹಿಣಿ ಘಾಟ್‌ಗೆ ಬಟ್ಟೆ ಟಾಪ್ ಗಾಡಿ ಓಡಿಸ್ತೀನಿ. ಒಳಗೆ ಜಾಗ ಕಡಿಮೆ, ಇಬ್ಬರು ಉಸಿರಾಡಿದರೆ ಸಾಕು, ಗಾಜು ಪೂರ್ತಿ ಮಂಜಾಗುತ್ತೆ. ಎಸಿ ಹಾಕಿ, ಗಾಳಿಯನ್ನು ಗಾಜಿಗೆ ತಿರುಗಿಸಿ, ಒಳಗಿನ ಗಾಳಿ ಸುತ್ತೋ ಬಟನ್ ಆಫ್ ಮಾಡಿ. ಎಸಿ ತೇವ ಹೀರುತ್ತೆ. ಕಾಲಿನ ಹತ್ತಿರದ ಕಾರ್ಪೆಟ್ ಒದ್ದೆ ಇದ್ದರೆ ಮಾತ್ರ ಏನು ಮಾಡಿದರೂ ಮಂಜು ಹೋಗಲ್ಲ. ಮೊದಲು ಅದನ್ನು ಕಿತ್ತು ಒಣಗಿಸಿ. ಬಾಗಿಲ ಕೆಳಗಿನ ನೀರು ಹೋಗೋ ತೂತುಗಳನ್ನೂ ತಂತಿ ಹಾಕಿ ಬಿಡಿಸಿ.

ಮಾಪ್ಸಾ ಗ್ಯಾರೇಜ್

ಉಸುಕಿನ ಚೀಲ ಇಡಬ್ಯಾಡ್ರಿ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಈ ಮಾತು ಕೇಳಿ ಚೋರ್ಲಾ ಘಾಟ್‌ನಾಗ ಉಲ್ಟಾ ತಿರುಗಿ ನಿಂತ ಗಾಡಿ ನಾನ ಎಳ್ಕೊಂಡು ಬಂದೀನಿ. ಭಾರ ಹೆಚ್ಚಾದ್ರ ಟೈರ್ ರಸ್ತಾನ ಹೆಚ್ಚು ಹಿಡೀತದ, ಖರೆ. ಆದ್ರ ಆ ಹೆಚ್ಚಿನ ಭಾರನೂ ತಿರುವಿನಾಗ ತಿರಗಸಬೇಕು, ಬ್ರೇಕ್ ಹಾಕಿದಾಗ ನಿಲ್ಲಸಬೇಕು. ಗಳಿಸಿದ್ದು ಅಲ್ಲೇ ಖರ್ಚಾತು. ಮ್ಯಾಲ ನಿಮ್ಮ ಗಾಡಿ ಎಳಿಯೂದು ಮುಂದಿನ ಗಾಲಿ. ಹಿಂದ ತುದಿಗೆ ಚೀಲ ಇಟ್ರ ಮುಂದಿನ ಗಾಲಿ ಮ್ಯಾಲಿನ ಭಾರ ಕಡಿಮಿ ಆಗಿ, ಏರಿನಾಗ ಹಿಡಿತ ಇಲ್ಲದ ಸುಮ್ಮನ ತಿರಗ್ತಾವ. ಇಳಕಲಿನಾಗ ಹಿಂಭಾಗ ಒಮ್ಮೆ ಜಾರಿತು ಅಂದ್ರ ಆ ಚೀಲನ ಅದನ್ನ ಇನ್ನೂ ಹೊರಗ ಎಳೀತದ.

ನಿಮ್ಮ ಪ್ರಶ್ನ್ಯಾಗ ನನಗ ಹೆದರಿಕಿ ಹುಟ್ಟಿಸಿದ್ದು "ಟೈರ್ ಹೊಸಾವ ಇದ್ದಂಗ ಅದಾವ" ಅನ್ನೂ ಮಾತು. ನಿಂತ ಗಾಡಿದು ಗ್ರಿಪ್ ಸವೆಯೂದಿಲ್ಲ, ರಬ್ಬರ್ ಮಾತ್ರ ಒಣಗ್ತದ. ಟೈರಿನ ಪಕ್ಕದಾಗ ಡಿಒಟಿ (DOT) ಅಂತ ಶುರುವಾಗೂ ಸಾಲಿನ ಕೊನಿಗೆ ನಾಲ್ಕು ಅಂಕಿ ಅದಾವ. ಮೊದಲಿನ ಎರಡು ವಾರ, ಆಮ್ಯಾಲಿನ ಎರಡು ವರ್ಷ. 2312 ಅಂದ್ರ 2012ರ 23ನೇ ವಾರ. ಒಂದೊಂದು ಸಲ ಈ ಅಂಕಿ ಒಳಮಗ್ಗಲಿಗೆ ಇರ್ತಾವ, ಬಗ್ಗಿ ಟಾರ್ಚ್ ಹಿಡಿದು ನೋಡ್ರಿ. ಆಮ್ಯಾಲ ಗ್ರಿಪ್ ಮ್ಯಾಲ ಉಗುರು ಒತ್ರಿ. ಹೊಸಾ ರಬ್ಬರ್ ಒಂಚೂರು ಒಳಗ ಹೋಗ್ತದ, ಹಳೇದು ಕುದುರಿ ಗೊರಸಿನಂಗ ಗಟ್ಟಿ. ಸಂದಿಯ ತಳದಾಗ ಕೂದಲೆಳಿ ಸೀಳು ಕಂಡ್ರ ವಿಚಾರ ಮಾಡಬ್ಯಾಡ್ರಿ, ನಾಲ್ಕೂ ಬದಲಸ್ರಿ. ಗ್ರಿಪ್ 1.6 ಮಿ.ಮೀ. ಉಳಿದ್ರ ಸಾಕು ಅಂತ ಕಾಯ್ದೆ ಹೇಳ್ತದ, ಆದ್ರ ನಮ್ಮ ಗೋವಾದ ಮಳಿಗೆ 3 ಮಿ.ಮೀ. ಇಲ್ಲದ ಟೈರ್ ನಾ ಒಪ್ಪೂದಿಲ್ಲ.

ಗಾಳಿ ಕಡಿಮಿ ಇಡಬ್ಯಾಡ್ರಿ. ಗಾಳಿ ಇಳಿಸಿದ್ರ ಹಿಡಿತ ಬರ್ತದ ಅನ್ನೂದು ಉಸುಕಿನಾಗ ಓಡಸೂ ಮಾತು. ನೀರಿನ ಮ್ಯಾಲ ಟೈರ್ ತೇಲೂದರ ಬಗ್ಗೆ ನಾಸಾದವರು 1960ರ ದಶಕದಾಗ ವಿಮಾನದ ಟೈರ್ ಇಟ್ಟು ಪರೀಕ್ಷಾ ಮಾಡಿ ಒಂದು ಲೆಕ್ಕ ಕೊಟ್ಟಾರ: ಟೈರಿನ ಗಾಳಿಯ ಒತ್ತಡ ಪಿಎಸ್‌ಐನಾಗ ಎಷ್ಟದ ನೋಡಿ, ಅದರ ವರ್ಗಮೂಲನ ಸುಮಾರು 16.6ರಿಂದ ಗುಣಸ್ರಿ, ತಾಸಿಗೆ ಎಷ್ಟು ಕಿ.ಮೀ. ಹ್ವಾದ್ರ ಟೈರ್ ತೇಲ್ತದ ಅಂತ ಬರ್ತದ. 25 ಇದ್ರ 83, 16ಕ್ಕ ಇಳಿದ್ರ 66. ಇದು ಗ್ರಿಪ್ ಸವೆದ ಟೈರು, ನಿಂತ ನೀರಿನ ಲೆಕ್ಕ. ಹಗುರ ಗಾಡಿಗೆ ಗಾಳಿ ಕಡಿಮೀನ ಹಾಕ್ತಾರ, ಅದಕ್ಕ ಅವು ಲಗೂನ ತೇಲ್ತಾವ. ಕಂಪನಿ ಹೇಳಿದಷ್ಟು ಗಾಳಿ ಇರಲಿ, ತಂಪಿದ್ದಾಗ ಹಾಕಸ್ರಿ.

ಇನ್ನ ಘಾಟು. ಮೊಲ್ಲೆಂ ದಾಟಿದ ಮ್ಯಾಲ ಎರಡೂ ಕಡೆ ಅಡವಿ, ರಸ್ತಾಕ್ಕ ಬಿಸಿಲ ಬೀಳೂದಿಲ್ಲ. ಗುಡ್ಡದ ಮಗ್ಗಲಿಗೆ ಹಸರ ಪಾಚಿ, ನಡುವ ಲಾರಿ ಡೀಸೆಲ್, ತಿರುವಿನಾಗ ಗುಡ್ಡದಿಂದ ಇಳಿದ ಕೆಂಪ ರಾಡಿ. ಬ್ರೇಕ್ ತಿರುವಿಗಿಂತ ಮೊದಲ ಮುಗಿಸ್ರಿ. ತಿರುವಿನೊಳಗ ಹೆದರಿ ಎಕ್ಸಲರೇಟರ್ ಮ್ಯಾಲಿಂದ ಒಮ್ಮೆಲೆ ಕಾಲು ತಗೀಬ್ಯಾಡ್ರಿ. ತಗದ್ರ ಭಾರ ಎಲ್ಲಾ ಮುಂದ ಬರ್ತದ, ಹಿಂದಿನ ಗಾಲಿ ಹಗುರ ಆಗಿ ಬಾಲ ಹೊರಗ ಹೋಗ್ತದ. ಇಂಥಾ ಗಿಡ್ಡ ಗಾಡಿ ಎಷ್ಟು ಲಗೂ ತಿರಗ್ತದ ಅಂದ್ರ ಸ್ಟೇರಿಂಗ್ ಸರಿಮಾಡೂದ್ರಾಗ ಕೆಲಸ ಮುಗಿದಿರ್ತದ. ಕಾಲು ಸ್ವಲ್ಪ ಒತ್ತಿದಂಗನ ಇಟ್ಟು ತಿರುವು ದಾಟ್ರಿ.

ಡೊಂಬಿವ್ಲಿ ಕಾಕಾ

ತಮ್ಮಾ, ಗ್ಯಾರೇಜಿನವರು ಹೇಳಿದ್ದು ಪೂರಾ ಸರಿ. ಒಂದ ಮಾತು ಸೇರಸ್ತೀನಿ. ನಿನ್ನ ಗಾಡಿ ಲಾರಿ ಡ್ರೈವರಗ ಕಾಣಸೂದಿಲ್ಲ, ಅಷ್ಟು ಗಿಡ್ಡ. ಹಗಲಿನಾಗೂ ಹೆಡ್‌ಲೈಟ್ ಡಿಮ್ಮಿನಾಗ ಹಚ್ಚಿರು. ಓಡಿಸುವಾಗ ನಾಲ್ಕೂ ಇಂಡಿಕೇಟರ್ ಹಚ್ಚಬ್ಯಾಡ, ನೀ ಯಾ ಕಡೆ ತಿರಗ್ತಿ ಅನ್ನೂದು ಹಿಂದಿನವಗ ತಿಳಿಯೂದಿಲ್ಲ.

ವಾಸ್ಕೋದಾಗಿನ ಧಾರವಾಡದವ

ಎಲ್ಲಾರಿಗೂ ಉಪಕಾರ ಆತ್ರಿ. ಈಗ ಟಾರ್ಚ್ ಹಿಡಿದು ನೋಡಿ ಬಂದೆ. ಮೂರು ಟೈರಿಗೆ 3009, ಒಂದಕ್ಕ 1110. ಉಗುರು ಹೋಗವಲ್ದು. ನಾಳೆನ ನಾಲ್ಕೂ ಆರ್ಡರ್ ಕೊಡ್ತೀನಿ, ಅಲ್ಲೀತನಕ ಊರಿಗೆ ಬಸ್ಸು. ಗ್ಯಾರೇಜ್ ಅಣ್ಣಾವ್ರ, ಕಾಕಾ ಲೈಟಿನ ಸುದ್ದಿ ತಗದ್ರು, ಅದಕ್ಕ ಕೇಳ್ತೀನಿ: ಮಳಿ ಬಂದಾಗ ಎಡಗಡೆ ಹೆಡ್‌ಲೈಟ್ ಮಸುಕ ಆಗ್ತದ. ಬಲ್ಬ್ ಬದಲಿಸಿದ್ರೂ ಅಷ್ಟ.

ಮಾಪ್ಸಾ ಗ್ಯಾರೇಜ್

ಬಲ್ಬಿಂದಲ್ರಿ, ಅರ್ಥಿಂಗ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೂ ದಾರಿ) ನೋಡ್ರಿ. ತಗಡಿನ ಗಾಡ್ಯಾಗ ಬಾಡಿನ ಅರ್ಥ್. ಫೈಬರಿನಾಗ ಕರೆಂಟ್ ಹರಿಯೂದಿಲ್ಲ, ಅದಕ್ಕ ಲೈಟಿನಿಂದ ಚಾಸಿಸ್ (ಕೆಳಗಿನ ಕಬ್ಬಿಣದ ಚೌಕಟ್ಟು) ತನಕ ಬ್ಯಾರೆ ವೈರ್ ಎಳೆದಿರ್ತಾರ. ಆ ವೈರ್ ಬೋಲ್ಟಿಗೆ ಕೂಡೂ ಕಡೆ ರಿಂಗ್ ಟರ್ಮಿನಲ್ ಇರ್ತದ, ಅದು ಹಸರ ಕಿಲುಬು ಹಿಡಿದಿರ್ತದ. ಬ್ಯಾಟರಿ ವೈರ್ ಬಿಚ್ಚಿ, ಬೋಲ್ಟ್ ತಗದು, ಸ್ಯಾಂಡ್‌ಪೇಪರಿನಿಂದ ರಿಂಗೂ ಚಾಸಿಸೂ ಹೊಳಿಯೂ ತನಕ ತಿಕ್ಕಿ, ಬಿಗಿ ಮಾಡಿ ಮ್ಯಾಲ ಗ್ರೀಸ್ ಹಚ್ರಿ. ಬಲಗಡೇದೂ, ಹಿಂದಿನ ಬ್ರೇಕ್ ಲೈಟಿಂದೂ ಹಂಗ ಮಾಡ್ರಿ. ಅಲ್ಲಿ ಬಗ್ಗಿದಾಗ ಚಾಸಿಸ್‌ಗೆ ತುಕ್ಕು ಎಷ್ಟು ಬಂದದ ಅಂತ ಸ್ಕ್ರೂಡ್ರೈವರ್‌ಲೆ ಬಡಿದು ನೋಡ್ರಿ. ಬಾಡಿಗೆ ತುಕ್ಕು ಬರೂದಿಲ್ಲ ಅಂತ ಕೆಳಗಿನ ಕಬ್ಬಿಣ ಯಾರೂ ನೋಡೂದಿಲ್ಲ. ಟೈರ್ ಬಂದ ಮ್ಯಾಲ ಗಾಡಿ ತಗೊಂಡು ಬರ್ರಿ, ಅಲೈನ್‌ಮೆಂಟ್ ನಾನ ಮಾಡಿಕೊಡ್ತೀನಿ.