ಪೆದ್ದ ಪತ್ತೇದಾರನ ಕೈಯಲ್ಲಿ ಕೇಸ್ ಬಗೆಹರಿಸೋದು ಹೇಗೆ? ಕ್ಲೂಸೋ ಸಿನಿಮಾ ಬಲ್ಲವರು ಹೇಳಿ

ಅರ್ಧಲೋಟ:

ನಮ್ಮ ತಂಡ 25 ನಿಮಿಷದ ಹಾಸ್ಯ ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಬರೀತಿದೆ. ಮಲೆನಾಡಿನ ಹಳೇ ತೋಟದ ಮನೆ, ಒಂದು ಕೊಲೆ, ಮನೆಯೊಳಗೇ ಆರು ಜನರ ಮೇಲೆ ಅನುಮಾನ. ತನಿಖೆಗೆ ಬರೋ ಇನ್‌ಸ್ಪೆಕ್ಟರ್ ಶುದ್ಧ ಎಡವಟ್ಟು ಗಿರಾಕಿ. ಮೊದಲ ಹತ್ತು ನಿಮಿಷಕ್ಕೆ ತೊಂದರೆ ಇಲ್ಲ, ಓದಿದವರು ನಗ್ತಾರೆ. ಆಮೇಲೆ ಎರಡು ಕಡೆ ಗಾಡಿ ನಿಂತುಬಿಡುತ್ತೆ.

ಒಂದು, ಇಷ್ಟು ದಡ್ಡ ಕೊನೆಗೆ ಕೊಲೆಗಾರನನ್ನ ಹಿಡಿಯೋದು ಹೇಗೆ? ಕೊನೇ ದೃಶ್ಯದಲ್ಲಿ ಇದ್ದಕ್ಕಿದ್ದಂತೆ ಬುದ್ಧಿವಂತ ಆಗಿಬಿಟ್ರೆ ಪಾತ್ರ ಸುಳ್ಳಾಗುತ್ತೆ. ಅದೃಷ್ಟಕ್ಕೆ ಸಿಕ್ಕಿಬಿದ್ದ ಅಂದ್ರೆ ಇಷ್ಟು ಹೊತ್ತು ಕೂತು ನೋಡಿದವರಿಗೆ ಮೋಸ. ಎರಡು, ಎಡವೋದು, ಬೀಳೋದು, ಬಾಗಿಲಿಗೆ ಮೂಗು ಬಡಿಸಿಕೊಳ್ಳೋದು ಮೂರನೇ ಸಲಕ್ಕೇ ಸಪ್ಪೆ ಅನ್ಸುತ್ತೆ.

ಪೀಟರ್ ಸೆಲರ್ಸ್ ಇರೋ 1963ರ ‘ದ ಪಿಂಕ್ ಪ್ಯಾಂಥರ್’ ನೋಡಿದ್ವಿ. ಅದರಲ್ಲಿ ಇನ್‌ಸ್ಪೆಕ್ಟರ್ ಕ್ಲೂಸೋ ಕೇಸ್ ಬಗೆಹರಿಸೋದೇ ಇಲ್ಲ, ತಾನೇ ಕಳ್ಳ ಅನ್ನಿಸಿಕೊಂಡು ಜೈಲಿಗೆ ಹೋಗ್ತಾನೆ. ಈ ಸರಣಿಯಲ್ಲಿ ಕೂತು ಅಭ್ಯಾಸ ಮಾಡಬೇಕಾದ್ದು ಯಾವುದು? ನಮ್ಮ ಹತ್ರ ಇರೋದು ಎರಡು ಕೋಣೆ, ಒಂದು ಪಡಸಾಲೆ, ಒಂದೇ ಕ್ಯಾಮೆರಾ.

ಪರದೆಹಿಂದೆ:

1964ರ ‘ಎ ಶಾಟ್ ಇನ್ ದ ಡಾರ್ಕ್’. ಬೇರೆ ಹುಡುಕಬೇಡಿ. ಮುಂದೆ ಕ್ಲೈಮ್ಯಾಕ್ಸ್ ಗುಟ್ಟೂ ಬರುತ್ತೆ, ನೋಡದವರು ಮೊದಲು ನೋಡಿ ಬನ್ನಿ. ಇದರಲ್ಲಿ ಪಿಂಕ್ ಪ್ಯಾಂಥರ್ ಅನ್ನೋ ಹೆಸರಿನ ಗುಲಾಬಿ ವಜ್ರವೂ ಇಲ್ಲ, ಹೆನ್ರಿ ಮ್ಯಾನ್ಸಿನಿಯ ಆ ಪ್ರಸಿದ್ಧ ಟ್ಯೂನೂ ಇಲ್ಲ. ಹಾಗಾಗಿ ಬೇರೆ ಯಾವುದೋ ಸಿನಿಮಾ ಹಾಕಿದೆವೇನೋ ಅಂತ ಗಾಬರಿ ಆಗಬೇಡಿ. 1963ರದ್ದು ಡೇವಿಡ್ ನಿವೆನ್ ಆಡಿದ ಸಭ್ಯ ಕಳ್ಳನ ಕಥೆ, ಕ್ಲೂಸೋ ಅಲ್ಲಿ ಪಕ್ಕದ ಪಾತ್ರ. ಆ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದವರು ಪೀಟರ್ ಉಸ್ತಿನೋವ್. ಅವರು ಬಿಟ್ಟುಹೋದ ಮೇಲೆ ಸೆಲರ್ಸ್ ಬಂದು, ವಜ್ರದ ಕಳ್ಳನಿಂದ ಸಿನಿಮಾವನ್ನೇ ಕದ್ದರು.

ನಿಮ್ಮ ಕೆಲಸಕ್ಕೆ ಬರೋದು ಎರಡನೇ ಸಿನಿಮಾ ಹುಟ್ಟಿದ ರೀತಿ. ಅದರ ಮೂಲ ಮಾರ್ಸೆಲ್ ಅಶಾರ್ ಅವರ ಫ್ರೆಂಚ್ ನಾಟಕ. ಹ್ಯಾರಿ ಕರ್ನಿಟ್ಜ್ ಅದನ್ನ ಇಂಗ್ಲಿಷಿಗೆ ತಂದರು, 1961ರಲ್ಲಿ ಬ್ರಾಡ್‌ವೇಯಲ್ಲಿ ಆಡಿದರು. ಆ ನಾಟಕದಲ್ಲಿ ಕ್ಲೂಸೋ ಅನ್ನೋನೇ ಇಲ್ಲ. ಕೊಲೆ ಆರೋಪ ಹೊತ್ತ ಮನೆಗೆಲಸದ ಹುಡುಗಿ ಇದ್ದಾಳೆ, ವಿಚಾರಣೆ ಮಾಡೋ ಮ್ಯಾಜಿಸ್ಟ್ರೇಟ್ ಇದ್ದಾನೆ. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಮತ್ತು ವಿಲಿಯಂ ಪೀಟರ್ ಬ್ಲ್ಯಾಟಿ ಸೇರಿ ಚಿತ್ರಕಥೆಯಲ್ಲಿ ಮ್ಯಾಜಿಸ್ಟ್ರೇಟ್‌ನ ಎಬ್ಬಿಸಿ ಕ್ಲೂಸೋನ ಕೂರಿಸಿದರು. (ಮುಂದೆ ‘ದಿ ಎಕ್ಸಾರ್ಸಿಸ್ಟ್’ ಬರೆದದ್ದೂ ಇದೇ ಬ್ಲ್ಯಾಟಿ, ನಂಬೋಕೆ ಕಷ್ಟ.) ಅಂದ್ರೆ ನೆಟ್ಟಗಿರೋ ಕೇಸ್ ಮೊದಲು ಬಂತು, ಪೆದ್ದ ಆಮೇಲೆ ಬಂದ.

ನೀವೂ ಇದೇ ಕ್ರಮ ಹಿಡೀರಿ. ಇನ್‌ಸ್ಪೆಕ್ಟರ್‌ನ ಪೂರ್ತಿ ಪಕ್ಕಕ್ಕಿಟ್ಟು ಕೊಲೆಯ ರಾತ್ರಿಯನ್ನ ಮಾತ್ರ ಬರೀರಿ. ರಾತ್ರಿ 9ರಿಂದ 11, ಟೇಬಲ್‌ನಲ್ಲಿ ಕಾಲು ಗಂಟೆಗೆ ಒಂದು ಮನೆಯಂತೆ ಎಂಟು ಮನೆ. ಆರು ಜನಕ್ಕೆ 48 ಮನೆ. ಪ್ರತಿಯೊಂದರಲ್ಲೂ ಯಾರು ಎಲ್ಲಿದ್ದರು, ಯಾರಿಗೆ ಕಾಣಿಸಿದರು, ಇಷ್ಟೇ. ಖಾಲಿ ಉಳಿದ ಮನೆಯಲ್ಲೇ ನಿಮ್ಮ ಕಥೆ ಸೋರುತ್ತೆ. ಸಿನಿಮಾದ ಆರಂಭ ನೋಡಿ: ರಾತ್ರಿ, ಇಡೀ ಬಂಗಲೆಯನ್ನ ಹೊರಗಿನಿಂದ ಕಿಟಕಿಗಳ ಮೂಲಕ ತೋರಿಸ್ತಾರೆ, ಹಾಡೊಂದು ಬರ್ತಾ ಇರುತ್ತೆ, ಒಬ್ಬೊಬ್ಬರೂ ಕಳ್ಳಹೆಜ್ಜೆ ಇಟ್ಟು ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಓಡಾಡ್ತಾರೆ. ಗುಂಡಿನ ಸದ್ದು ಕೇಳೋದು ಅದಾದ ಮೇಲೆ. ಈ ವೇಳಾಪಟ್ಟಿಯನ್ನೇ ಪತ್ತೇದಾರ ಬರೋ ಮೊದಲು ಪ್ರೇಕ್ಷಕನ ಕೈಗೆ ಕೊಟ್ಟುಬಿಟ್ಟಿದ್ದಾರೆ.

ಆಮೇಲೆ ಒಂದೊಂದು ಸುಳಿವಿಗೂ ಮೂರು ಕಾಲಂ ಹಾಕಿ. ಬುದ್ಧಿ ಇರೋ ಅಧಿಕಾರಿ ಅದರಿಂದ ಏನು ತಿಳೀತಿದ್ದ, ನಿಮ್ಮವನು ಏನು ಮಾಡಿದ, ಅವನ ತಪ್ಪಿನಿಂದ ಮನೆಯಲ್ಲಿ ಏನು ಬದಲಾಯ್ತು. ಮೂರನೇ ಕಾಲಂ ಖಾಲಿ ಬಿದ್ದರೆ ಆ ಜೋಕ್ ಎಷ್ಟೇ ಚೆನ್ನಾಗಿದ್ದರೂ ಕಿತ್ತುಹಾಕಿ. ನಿಮ್ಮ ಬೀಳಾಟ ಸಪ್ಪೆ ಆಗ್ತಿರೋದಕ್ಕೆ ಕಾರಣ ಬಹುಶಃ ಇದೇ. ಅವನು ಬಿದ್ದ, ಎದ್ದ, ಕಥೆ ಇದ್ದಲ್ಲೇ ಇದೆ.

ಕತ್ತರಿಮನೆ:

ನಾನು ಎಡಿಟಿಂಗ್ ಕಡೆಯಿಂದ ಹೇಳ್ತೀನಿ. ಆ ಸಿನಿಮಾದ ಬಿಲಿಯರ್ಡ್ಸ್ ದೃಶ್ಯವನ್ನ ಶಬ್ದ ಮ್ಯೂಟ್ ಮಾಡಿ ಒಂದು ಸಲ, ಶಬ್ದ ಇಟ್ಟು ಒಂದು ಸಲ ನೋಡಿ. ಮನೆ ಯಜಮಾನ ಬ್ಯಾಲೋನ್ ಆಡ್ತಿದ್ದಾನೆ, ಕ್ಲೂಸೋ ವಿಚಾರಣೆಗೆ ಬಂದಿದ್ದಾನೆ. ಕೋಲುಗಳ ಸ್ಟ್ಯಾಂಡ್, ಬಾಗಿದ ಒಂದು ಕೋಲು, ಮೇಜಿನ ಹಸಿರು ಬಟ್ಟೆ, ಈ ಮೂರೇ ವಸ್ತುವಿನಲ್ಲಿ ಇಡೀ ದೃಶ್ಯ ನಡೆಯುತ್ತೆ. ಒಂದಕ್ಕಿಂತ ಒಂದು ದೊಡ್ಡ ಹಾನಿ, ಬಟ್ಟೆ ಹರಿಯೋದು ಕೊನೆಗೆ. ಅಷ್ಟೂ ಹೊತ್ತು ಮಾತು ಮಾತ್ರ ಕೊಲೆಯ ಬಗ್ಗೆ. ಇಬ್ಬರೂ ಮಾತು ನಿಲ್ಲಿಸಲ್ಲ. ಬ್ಯಾಲೋನ್ ಆಗಿರೋ ಜಾರ್ಜ್ ಸ್ಯಾಂಡರ್ಸ್ ಮುಖ ಒಂದಿಷ್ಟೂ ಅಲ್ಲಾಡಲ್ಲ. ಎದುರಿಗೆ ನಿಂತವನು ನಕ್ಕರೆ ದೃಶ್ಯ ಅಲ್ಲಿಗೆ ಸತ್ತುಹೋಗುತ್ತೆ.

ನಿಮಗೆ ಬಿಲಿಯರ್ಡ್ಸ್ ಮೇಜು ಬೇಡ, ಕೇರಂ ಬೋರ್ಡ್ ಸಾಕು. ತೋಟದ ಮನೆ ಅಂದಮೇಲೆ ಪಡಸಾಲೆಯಲ್ಲಿ ಒಂದು ಇದ್ದೇ ಇರುತ್ತೆ. ಇನ್‌ಸ್ಪೆಕ್ಟರ್ ಪೌಡರ್ ಡಬ್ಬಿ ಜಾಸ್ತಿ ಅಲ್ಲಾಡಿಸಿಬಿಡ್ತಾನೆ, ಅಂಗೈಗೆಲ್ಲ ಪೌಡರ್, ಹಾಗೇ ಹೋಗಿ ಬಾಗಿಲು, ಬೀರು, ಕಿಟಕಿ ಎಲ್ಲ ಮುಟ್ಟಿ ‘ಪರಿಶೀಲನೆ’ ಮಾಡ್ತಾನೆ. ಬೆರಳಚ್ಚಿನವರು ಬಂದಾಗ ಮನೆ ತುಂಬ ಒಬ್ಬನದೇ ಗುರುತು. ಪರದೆಹಿಂದೆ ಹೇಳಿದ ಮೂರನೇ ಕಾಲಂ ಇಲ್ಲಿ ತಾನಾಗೇ ತುಂಬಿತು.

ಇದರಲ್ಲಿ ಕೈ ಕೊಡೋದು ಕಂಟಿನ್ಯುಟಿ. ಕಪ್ಪು ಕೋಟಿನ ಮೇಲೆ ಪೌಡರ್ ಒಂದು ಟೇಕಿನಂತೆ ಇನ್ನೊಂದರಲ್ಲಿ ಕೂರಲ್ಲ. ಒಂದೇ ತರದ ಎರಡು ಕೋಟ್ ಇಟ್ಟುಕೊಳ್ಳಿ. ಪೌಡರ್ ಬೀಳೋ ಮುಂಚಿನ ಶಾಟ್‌ಗಳನ್ನೆಲ್ಲ ಮೊದಲು ಮುಗಿಸಿ, ಪ್ರತಿ ಟೇಕ್ ಆದಮೇಲೆ ಎದೆ, ಎರಡು ತೋಳು, ಅಂಗೈಗಳ ಫೋಟೋ ಫೋನಲ್ಲಿ ತೆಗೀರಿ. ಮುಖದ ಹತ್ತಿರ ಹಾರೋ ಶಾಟ್‌ಗೆ ಬೋರಿಕ್ ಪೌಡರ್ ಬೇಡ, ಕಣ್ಣು ಉರಿಯುತ್ತೆ. ಕಾರ್ನ್‌ಫ್ಲೋರ್ ತಗೊಳ್ಳಿ, ಆದ್ರೆ ಹತ್ತಿರ ದೀಪ, ಮೊಂಬತ್ತಿ ಇರಬಾರದು. ಗಾಳಿಯಲ್ಲಿ ಹಾರೋ ಹಿಟ್ಟು ಬೆಂಕಿ ಹಿಡಿಯುತ್ತೆ.

ಬೀಳೋ ದೃಶ್ಯದ ವಿಷಯ. ಎಡ್ವರ್ಡ್ಸ್ ಇದನ್ನ ಪ್ಯಾನಾವಿಷನ್‌ನ ಅಗಲ ಪರದೆಗೆ ತೆಗೆದದ್ದು. ಇಬ್ಬರೂ ಫ್ರೇಮಿನಲ್ಲಿ ನಿಂತಿರ್ತಾರೆ, ಎಡವಟ್ಟು ಮೂಲೆಯಲ್ಲಿ ಆಗುತ್ತೆ, ಅದನ್ನ ಪ್ರೇಕ್ಷಕ ತಾನೇ ಕಂಡುಹಿಡೀತಾನೆ. ಕ್ಲೋಸಪ್ ಹಾಕಿದ್ರೆ ಇಲ್ಲಿ ನಗಿ ಅಂತ ಬೆರಳು ತೋರಿಸಿದ ಹಾಗೆ. ಬಡ್ಜೆಟ್ ಇಲ್ಲದವರಿಗೆ ಇದರಲ್ಲಿ ಲಾಭ ಇದೆ. ಇನ್‌ಸ್ಪೆಕ್ಟರ್ ಗತ್ತಿನಲ್ಲಿ ಮಾತಾಡ್ತಾ ಫ್ರೇಮಿನ ಎಡಗಡೆಯಿಂದ ಹೊರಗೆ ಹೋಗಲಿ. ಎಂಟು ಹತ್ತು ಫ್ರೇಮ್ ಏನೂ ಇಲ್ಲ. ಆಮೇಲೆ ತೊಟ್ಟಿಗೆ ಬಿದ್ದ ಸದ್ದು. ಉಳಿದವನ ಮುಖದ ಮೇಲೆ ಎರಡು ಸೆಕೆಂಡ್, ಅಂದ್ರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 48 ಫ್ರೇಮ್, ಕದಲದೆ ನಿಲ್ಲಿ. ನಂತರ ನೀರು ಸೋರೋ ಕೋಟಿನಲ್ಲಿ ಅವನು ಅದೇ ವಾಕ್ಯ ಮುಂದುವರಿಸ್ತಾ ಒಳಗೆ ಬರಲಿ. ಸದ್ದು ಬೇಗ ಬಂದ್ರೆ ತಳ್ಳಿದ ಹಾಗೆ ಕೇಳುತ್ತೆ, ತಡವಾದ್ರೆ ನೋಡೋನು ಮೊದಲೇ ಊಹಿಸಿ ಆಗಿರುತ್ತೆ. ಎಡಿಟ್‌ನಲ್ಲಿ ಎರಡೆರಡು ಫ್ರೇಮ್ ಹಿಂದೆ ಮುಂದೆ ಸರಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ.

ಗಿರಮಿಟ್ಟು:

48 ಮನಿ ಟೇಬಲ್ ಛಲೋ ಐತಿ, ಆದ್ರ ಪರದೆಹಿಂದೆ ಅವರು ಅದಕ್ಕ ಕೊಟ್ಟಷ್ಟು ತೂಕ ಸಿನಿಮಾ ಕೊಟ್ಟಿಲ್ಲ ನೋಡ್ರಿ. ಯಾರು ಯಾರನ್ನ ಕೊಂದ್ರು ಅಂತ ಸಿನಿಮಾ ನೋಡಿ ಬಂದವರಿಗೆ ಕೇಳ್ರಿ, ಒಬ್ಬರಿಗೂ ಹೇಳಾಕ ಬರೂದಿಲ್ಲ. ಕಡೀಕ ಎಲ್ಲಾರೂ ಒಮ್ಮೆಲೆ ಒದರಾಡಿ ಒಬ್ಬರ ಮ್ಯಾಲೆ ಒಬ್ಬರು ಹಾಕ್ತಾರ, ಅಷ್ಟರಾಗ ಮುಗೀತು. ಆ ಸಿನಿಮಾ ಹಿಡಿದು ನಿಲ್ಸಿದ್ದು ಕೊಲೆ ಲೆಕ್ಕ ಅಲ್ಲ, ಮತ್ತ ಮತ್ತ ಬರೂ ಒಂದು ಚಕ್ರ.

ಚಕ್ರ ಹಿಂಗ ಐತಿ. ಕ್ಲೂಸೋ ಮರಿಯಾನ್ನ (ಕೊಲೆ ಆರೋಪ ಹೊತ್ತ ಮನೆಗೆಲಸದ ಹುಡುಗಿ) ಜೈಲಿನಿಂದ ಬಿಡಸ್ತಾನ, ವೇಷ ಹಾಕ್ಕೊಂಡು ಬೆನ್ನ ಹತ್ತತಾನ, ಲೈಸೆನ್ಸ್ ಇಲ್ಲ ಅಂತ ಅವನನ್ನ ಪೊಲೀಸರು ವ್ಯಾನಿಗೆ ತುಂಬ್ತಾರ, ಅಷ್ಟರಾಗ ಇನ್ನೊಂದು ಹೆಣ ಬೀಳತದ, ಮರಿಯಾ ಮತ್ತ ಒಳಗ. ಮೊದಲ ಸಲ ಬಲೂನ್ ಮಾರಾವ, ಆಮ್ಯಾಲೆ ಚಿತ್ರ ಮಾರಾವ. ಕಡೀಕ ಬಟ್ಟೆ ಹಾಕದವರ ಕ್ಯಾಂಪಿನಿಂದ ಇಬ್ಬರೂ ಹಂಗ ಕಾರಿನಾಗ ಬಂದು ಪ್ಯಾರಿಸ್ ಟ್ರಾಫಿಕ್ಕಿನಾಗ ಸಿಕ್ಕೊಳ್ತಾರ. ಮೊದಲ ಸುತ್ತು ಪೂರ್ತಿ ತೋರಸ್ರಿ, ಎರಡನೇದ್ದು ಅರ್ಧ, ಮೂರನೇದ್ದು ಬರೇ ವ್ಯಾನ್ ಹೋಗೂ ಶಾಟ್. ನಿಮ್ಮ 25 ನಿಮಿಷಕ್ಕ 40 ಸೆಕೆಂಡ್, 20, 6 ಅಂತ ಇಟ್ಕೋರಿ. ನಾಲ್ಕನೇದ್ದಕ್ಕ ನಿಯಮ ಮುರೀಬೇಕು, ಅದಕ್ಕ ಬೇಕಾದ್ರ ಒಂದು ನಿಮಿಷ ಕೊಡ್ರಿ.

ಇನ್ನೊಂದು, ಸಾಹೇಬ. ಕ್ಲೂಸೋನ ಮ್ಯಾಲಿನ ಅಧಿಕಾರಿ ಕಮಿಷನರ್ ಡ್ರೈಫಸ್, ಹರ್ಬರ್ಟ್ ಲೊಮ್ ಆಡಿದ್ದು. ಕ್ಲೂಸೋ ಎಷ್ಟು ಸಲ ಬಿದ್ರೂ ಅವನ ಮರ್ಯಾದಿಗೆ ಅವನ ಲೆಕ್ಕದಾಗ ಏನೂ ಆಗೂದಿಲ್ಲ. ನೋವು ಎಲ್ಲಾ ಡ್ರೈಫಸ್ಸಿಗೆ. ಸಿಗಾರ್ ಕತ್ತರಸೂ ಯಂತ್ರದಾಗ ಹೆಬ್ಬಟ್ಟು ಹೋಗತದ, ಕಾಗದದ ಚಾಕು ತನಗ ಚುಚ್ಚಿಕೊಳ್ತಾನ, ಕಣ್ಣು ಪಟಪಟ ಹಾರಾಕ ಚಾಲೂ ಆಗತದ. ನಿಮ್ಮ ಸ್ಕ್ರಿಪ್ಟಿನಾಗ ಇಂಥ ಸಾಹೇಬ ಇಲ್ಲ ಅಂದ್ರ ಮೊದಲ ಅವನನ್ನ ಬರೀರಿ. ಪೆದ್ದ ಒಬ್ಬನ ಇದ್ರ 10 ನಿಮಿಷಕ್ಕ ಸರಕು ಖಾಲಿ.

ಪರದೆಹಿಂದೆ:

ಗಿರಮಿಟ್ಟು ಅವರ ಸಾಹೇಬನ ಮಾತು ನೂರಕ್ಕೆ ನೂರು ಸರಿ. ಅರ್ಧಲೋಟ ಅವರ ಮೊದಲ ಪ್ರಶ್ನೆಗೆ ಉತ್ತರ ಇರೋದೂ ಅಲ್ಲೇ. ಮರಿಯಾ ಕೈಯಲ್ಲಿ ಹೊಗೆಯಾಡೋ ಪಿಸ್ತೂಲು ಸಿಕ್ಕಿದೆ. ಕಣ್ಣಿದ್ದವರೆಲ್ಲ ಅವಳೇ ಅಂತಾರೆ. ಕ್ಲೂಸೋ ಒಬ್ಬ ಅಲ್ಲ ಅಂತಾನೆ, ಯಾಕಂದ್ರೆ ಅವಳನ್ನ ನೋಡಿದ ಕೂಡಲೇ ಮರುಳಾಗಿದ್ದಾನೆ. ಕಾರಣ ಪೂರಾ ತಪ್ಪು, ತೀರ್ಮಾನ ಸರಿ. ಕೊನೆಯವರೆಗೂ ಅವನು ಬುದ್ಧಿವಂತ ಆಗಬೇಕಾಗಿಲ್ಲ, ಮೊದಲ ದಿನದ ಹಠ ಬಿಡದೇ ಇದ್ರೆ ಸಾಕು.

ಶಿಕ್ಷೆ ಆಗೋದು ಹೇಗೆ ನೋಡಿ. ಕ್ಲೂಸೋ ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸ್ತಾನೆ, ದೀಪ ಆರಿಸಿ ತಪ್ಪಿತಸ್ಥರನ್ನ ಬೆದರಿಸೋ ಉಪಾಯ ಹೂಡ್ತಾನೆ. ಅವನ ಮಾತಿಗಲ್ಲ, ತಮ್ಮ ತಮ್ಮಲ್ಲೇ ಜಗಳ ಹತ್ತಿ ಅವರು ಬಾಯಿಬಿಡ್ತಾರೆ. ಆಮೇಲೆ ಕ್ಲೂಸೋನ ಕಾರಿನಲ್ಲೇ ಓಡಿಹೋಗ್ತಾರೆ. ಆ ಕಾರಿಗೆ ಬಾಂಬ್ ಇಟ್ಟಿದ್ದು ಡ್ರೈಫಸ್, ಕ್ಲೂಸೋನ ಮುಗಿಸೋಕೆ. ಡ್ರೈಫಸ್‌ಗೆ ಅಷ್ಟು ಹುಚ್ಚು ಹಿಡಿಸಿದ್ದು ಹಿಂದಿನ ಅಷ್ಟೂ ಎಡವಟ್ಟು. ಎಲ್ಲೂ ಅದೃಷ್ಟ ಇಲ್ಲ, ಬಲೂನಿನಿಂದ ಬಾಂಬಿನವರೆಗೆ ಒಂದೇ ಸರಪಳಿ. ಯಾರು ಯಾರನ್ನ ಕೊಂದರು ಅನ್ನೋದು ಮರೆತರೂ ಕಾರು ಮರೆಯಲ್ಲ. ಆದ್ರೆ ಈ ಸರಪಳಿ ಹೆಣೆಯೋಕೆ ಯಾರು ಯಾವಾಗ ಎಲ್ಲಿದ್ದರು ಅನ್ನೋದು ಬರೆಯೋ ನಿಮಗೆ ಗೊತ್ತಿರಲೇಬೇಕು. ಟೇಬಲ್ ಪ್ರೇಕ್ಷಕನಿಗೆ ಅಂತ ನಾನೂ ಹೇಳ್ತಿಲ್ಲ.

ಸರಣಿಯ ಉಳಿದವು: 1968ರದ್ದರಲ್ಲಿ ಸೆಲರ್ಸ್ ಇಲ್ಲ, ಅಲನ್ ಆರ್ಕಿನ್ ಇದ್ದಾರೆ, ಬಿಡಿ. 1975ರ ‘ರಿಟರ್ನ್’ನಲ್ಲಿ ಕೋತಿ ಇಟ್ಟುಕೊಂಡ ಕುರುಡ ಭಿಕ್ಷುಕನ ಹತ್ತಿರ ಲೈಸೆನ್ಸ್ ಎಲ್ಲಿ ಅಂತ ವಾದ ಮಾಡ್ತಾ ನಿಂತಾಗ ಬೆನ್ನ ಹಿಂದೆ ಬ್ಯಾಂಕ್ ದರೋಡೆ ಆಗೋ ದೃಶ್ಯ ಇದೆ, ಕತ್ತರಿಮನೆ ಹೇಳಿದ ಅಗಲ ಫ್ರೇಮಿಗೆ ಒಳ್ಳೇ ಪಾಠ. 1976ರದ್ದು ಡ್ರೈಫಸ್‌ಗೋಸ್ಕರ ನೋಡಿ. 1982ರದ್ದು ಸೆಲರ್ಸ್ 1980ರಲ್ಲಿ ತೀರಿಕೊಂಡ ಮೇಲೆ ಹಳೇ ತುಣುಕು ಸೇರಿಸಿ ಮಾಡಿದ್ದು. ಅದರಿಂದ ಕಲಿಯೋಕೆ ಏನಿಲ್ಲ.

ಅರ್ಧಲೋಟ:

ಎಲ್ಲರಿಗೂ ಥ್ಯಾಂಕ್ಸ್. ಮೂರನೇ ಕಾಲಂ ಹಾಕಿದ ಕೂಡಲೇ ಏಳು ಜೋಕ್ ಹಾರಿಹೋದವು. ಇನ್ನೆರಡು ಪ್ರಶ್ನೆ. ಕ್ಲೂಸೋನ ಆ ವಿಚಿತ್ರ ಉಚ್ಚಾರಣೆಗೆ ಕನ್ನಡದಲ್ಲಿ ಏನು ಮಾಡೋದು? ಯಾವುದಾದರೂ ಊರಿನ ಭಾಷೆ ಕೊಡೋಣ ಅಂತ ಒಬ್ಬರು ಹೇಳ್ತಿದ್ದಾರೆ. ಮತ್ತೆ, ದೀಪ ಆರಿಸೋ ಕ್ಲೈಮ್ಯಾಕ್ಸ್ ಒಂದೇ ಕ್ಯಾಮೆರಾದಲ್ಲಿ ಆಗುತ್ತಾ?

ಗಿರಮಿಟ್ಟು:

ಊರಿನ ಭಾಷಾ ಮಾತ್ರ ಬ್ಯಾಡ್ರೀ. ನಮ್ಮ ಕಡೆ ಮಾತು ಕೇಳಿದ್ರ ಸಾಕು ನಗಬೇಕು ಅನ್ನೂದು ಸಿನಿಮಾದವರಿಗೆ ಒಂದು ರೂಢಿ ಆಗಿಬಿಟ್ಟೈತಿ. ಕ್ಲೂಸೋ ಮಾತಿನ ಮಜಾ ಏನು ಅಂದ್ರ, ಸುತ್ತ ಇರೂ ಫ್ರೆಂಚರಿಗೂ ಅದು ತಿಳಿಯೂದಿಲ್ಲ. ನಿಮ್ಮ ಇನ್‌ಸ್ಪೆಕ್ಟರಿಗೆ ಮಹಜರ್ ಕನ್ನಡ ಕೊಡ್ರಿ. ಊಟಕ್ಕ ಕುಂತಾಗೂ “ಸದರಿ ಸಾರಿನಲ್ಲಿ ಉಪ್ಪು ಕಡಿಮೆ ಇರುವುದಾಗಿ ಕಂಡುಬಂದಿರುತ್ತದೆ” ಅನ್ನಲಿ. ಮನೀ ಅಜ್ಜಿ “ಏನಂದೆಪ್ಪಾ?” ಅಂತ ಪ್ರತಿ ಸಲ ಕೇಳಲಿ. ಅವ ದನಿ ಏರಿಸಬಾರದು, ಅದ ವಾಕ್ಯ ಇನ್ನೂ ಉದ್ದ ಮಾಡಿ ಹೇಳಬೇಕು.

ಕತ್ತರಿಮನೆ:

ಒಂದೇ ಕ್ಯಾಮೆರಾ ಧಾರಾಳ ಸಾಕು. ಕತ್ತಲೆಯನ್ನ ಶೂಟ್ ಮಾಡೋಕೆ ಹೋಗಬೇಡಿ, ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯೋ ಸೂಕ್ಷ್ಮತೆ) ಏರಿಸಿ ಪರದೆ ತುಂಬ ಚುಕ್ಕೆ ಬರುತ್ತೆ. ಸ್ವಿಚ್ಚಿನ ಟಕ್ ಅನ್ನೋ ಸದ್ದು, ನಂತರ 6ರಿಂದ 8 ಸೆಕೆಂಡ್ ಪೂರ್ತಿ ಕಪ್ಪು ಪರದೆ, ಬರೀ ಧ್ವನಿ. ಅದಕ್ಕಿಂತ ಹೆಚ್ಚಾದ್ರೆ ಫೋನಲ್ಲಿ ನೋಡೋರು ವಿಡಿಯೋ ಹ್ಯಾಂಗ್ ಆಯ್ತು ಅಂದುಕೊಳ್ತಾರೆ. ಆ ಧ್ವನಿಗಳನ್ನ ಒಂದೊಂದೇ ಬೇರೆ ರೆಕಾರ್ಡ್ ಮಾಡಿ: ಕುರ್ಚಿ ಎಳೆದದ್ದು, ಬಳೆ, ಚಪ್ಪಲಿ, ತಟ್ಟೆ ಬಿದ್ದದ್ದು, ಅಜ್ಜಿಯ ಕೆಮ್ಮು. ಎಲ್ಲರನ್ನೂ ಒಟ್ಟಿಗೆ ಕಿರುಚಿಸಿ ರೆಕಾರ್ಡ್ ಮಾಡಿದ್ರೆ ಆಮೇಲೆ ಬಿಡಿಸೋಕೆ ಆಗಲ್ಲ. ಬೆಳಕು ಬಂದಾಗ ಎಲ್ಲರೂ ಜಾಗ ಬದಲಾಗಿರಬೇಕು, ಇನ್‌ಸ್ಪೆಕ್ಟರ್ ಒಬ್ಬನನ್ನ ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ಸಾಹೇಬರನ್ನ ಅಂತ ಬೇರೆ ಹೇಳಬೇಕಾಗಿಲ್ಲ.

ದೃಶ್ಯದಲ್ಲಿ ಕಾಣೋ ಬಲ್ಬ್ ಮಾತ್ರ ಆರಿಸಿ, ಮನೆಯ ಮೇನ್ ಸ್ವಿಚ್ ಮುಟ್ಟಬೇಡಿ. ಸೌಂಡ್ ರೆಕಾರ್ಡರ್ ಅಡಾಪ್ಟರ್‌ನಲ್ಲಿ ಓಡ್ತಿದ್ರೆ ಆ ಟೇಕಿನ ಫೈಲ್ ಕೆಟ್ಟುಹೋಗಬಹುದು.